ಕಡ್ಡಿಚೀಲದ ಹೆಣ್ಣು

ಮದುವೆಯಾದ ಮೇಲೂ ಹೆಂಡತಿಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ಗಂಡಸಿಗೆ ಕೀಟಶಾಸ್ತ್ರ ಬೇಗ ಒಲಿಯುತ್ತದೆಂದು ನನ್ನ ನಂಬಿಕೆ. ತೊಂಬತ್ತರ ದಶಕದ ಕೊನೆಗೆ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಹೊಸ ಹೆಂಡತಿ ಗಿರಿಜಾ ಸವದತ್ತಿಯ ಹೈಸ್ಕೂಲಿನಲ್ಲಿ ಟೀಚರು. ನಮ್ಮೂರಿಗೆ ವರ್ಗ ಆಗುವವರೆಗೆ ಅಂತ ಶನಿವಾರ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುತ್ತಿದ್ದಳು. ಉಳಿದ ದಿನ ನನಗೆ ಪತಂಗಗಳೇ ಸಂಸಾರ.

ಅದರಲ್ಲೂ ಜಾಲಿಗಿಡಕ್ಕೆ ಜೋತುಬೀಳುವ ಒಂದು ಗುಂಪು. ಇದರ ಮರಿಹುಳು ಮುಳ್ಳುಕಡ್ಡಿ ಕೂಡಿಸಿ, ರೇಷ್ಮೆಯಿಂದ ಹೊಲಿದು, ಚೀಲದಂಥ ಮನೆ ಮಾಡಿಕೊಳ್ಳುತ್ತದೆ. ಹೆಣ್ಣು ಬೆಳೆದು ದೊಡ್ಡವಳಾದರೂ ರೆಕ್ಕೆ ಬರುವುದಿಲ್ಲ, ಮನೆ ಬಿಟ್ಟು ಕದಲುವುದಿಲ್ಲ. ಒಳಗಿಂದಲೇ ಒಂದು ವಾಸನೆ ಬಿಡುತ್ತಾಳೆ. ನಮ್ಮ ಮೂಗಿಗೆ ತಿಳಿಯದ ಅದರ ಜಾಡು ಹಿಡಿದು ಗಂಡು ಹಾರಿ ಬರುತ್ತಾನೆ. ಪಾಪ, ಅವನಿಗೆ ಉಣ್ಣಲು ನೆಟ್ಟಗೆ ಬಾಯಿಯೂ ಇಲ್ಲ, ಹೆಚ್ಚು ಆಯುಷ್ಯವೂ ಇಲ್ಲ. ಕುಟುಂಬ ಯಾವುದೆಂದು ಚೀಲ ನೋಡಿಯೇ ಹೇಳಬಹುದು. ಪೂರ್ತಿ ವರ್ಗೀಕರಣಕ್ಕೆ ಮಾತ್ರ ಗಂಡಿನ ರೆಕ್ಕೆಯ ನರಗಳೇ ಬೇಕು. ನಾನು ಹೆಣ್ಣಿರುವ ಚೀಲವೊಂದನ್ನು ಹಿತ್ತಲಲ್ಲಿ ತೂಗುಹಾಕಿ ಆ ಗಂಡಿಗಾಗಿ ಕಾಯುತ್ತಿದ್ದೆ.

ಒಂದು ಶನಿವಾರ ಗಿರಿಜಾ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ಜ್ವರ, ಬರಲಾಗುವುದಿಲ್ಲ ಎಂದಳು. ಅಂದೇ ನನ್ನ ಚೀಲದ ಹೆಣ್ಣೂ ಪ್ರಾಯಕ್ಕೆ ಬಂದಿದ್ದಳು. ಇಬ್ಬರಲ್ಲಿ ಯಾರನ್ನೂ ಬಿಡಲಾರದೆ, ಚೀಲವನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಸವದತ್ತಿ ಬಸ್ಸು ಹತ್ತಿದೆ.

ಗಿರಿಜಾಳ ಬಾಡಿಗೆ ಖೋಲಿಯ ಕಿಟಕಿಗೆ ಅದನ್ನು ತೂಗುಹಾಕಿ, ಅವಳಿಗೆ ಗಂಜಿ ಕಾಸಿದೆ. ಅವಳು ಗೋಡೆಯ ಕಡೆ ಹೊರಳಿ, ಈ ವರ್ಷ ವರ್ಗ ಆಗುವುದಿಲ್ಲವಂತೆ ಎಂದಳು. ಸಮಾಧಾನಕ್ಕೆಂದು ನಾನು ಪತಂಗದ ಸಂಸಾರ ವರ್ಣಿಸತೊಡಗಿದೆ. ಹೊತ್ತು ಮುಳುಗುವಾಗ ಕಂದು ಬಣ್ಣದ ಗಂಡೊಂದು ಎಲ್ಲಿಂದಲೋ ಬಂದು ಚೀಲಕ್ಕೆ ಜೋತುಬಿತ್ತು. ಅವನನ್ನು ಹಿಡಿದು ಕೊಲ್ಲುವ ಔಷಧದ ಬಾಟಲಿ ಎತ್ತಿದೆ. ಗಿರಿಜಾ ಕೈ ಹಿಡಿದಳು. ಅವಳ ಅಂಗೈ ಇನ್ನೂ ಸುಡುತ್ತಿತ್ತು.

"ಎಷ್ಟು ದೂರದಿಂದ ಬಂದಾನೋ ಏನೋ," ಅಂದಳು. "ಇರ್ಲಿ ಬಿಡ್ರಿ."

ಬಿಟ್ಟೆ. ಸ್ವಲ್ಪ ಹೊತ್ತಿಗೆ ಅವನು ತನ್ನ ಜಾತಿ ಹೇಳದೆ ಹಾರಿಹೋದ. ನಾವಿಬ್ಬರೂ ಕತ್ತಲಾದರೂ ದೀಪ ಹಾಕದೆ ಕಿಟಕಿ ನೋಡುತ್ತ ಕುಳಿತೆವು.

ಸೋಮವಾರ ಬಸ್ಸಿಳಿದು ನೇರ ಕಾಲೇಜಿಗೆ ಹೋದೆ. ವಿಭಾಗದ ಮುಖ್ಯಸ್ಥರು, "ಏನ್ರಿ, ವರ್ಗೀಕರಣ ಆತೇನು?" ಎಂದರು. ನನ್ನ ಕಿವಿಗೆ ಅರ್ಧವೇ ಬಿತ್ತು.

"ಈ ವರ್ಷ ಆಗೂದಿಲ್ಲಂತ್ರಿ ಸರ್," ಎಂದೆ. "ಮುಂದಿನ ವರ್ಷ ನೋಡೂಣು ಅಂದಾರ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಪತಂಗಗಳಿಗೂ ಹಾಗೆ ಹೇಳಿ ಕಳಿಸುವ ಆಫೀಸು ಎಲ್ಲಿದೆಯೆಂದು ಅವರಿಗೆ ಹೊಳೆಯಲಿಲ್ಲ.