ಕೊಂಕಣ್ಣನ ಬ್ಲಾಗಿಗೆ ನಾನು ಮಾಡಿದ ರಿಪೇರಿ

ಸತ್ತವರ ಮೇಲೆ ಮುನಿಸಿಕೊಳ್ಳಬಾರದು ಅನ್ನುತ್ತಾರೆ. ಆದರೂ ಹೇಳುತ್ತೇನೆ, ಕೊಂಕಣ್ಣ ಹೋಗುವಾಗ ತನ್ನ ಬ್ಲಾಗನ್ನು ನನ್ನ ಕೊರಳಿಗೆ ಕಟ್ಟಿ ಹೋಗಬಾರದಿತ್ತು. (ಮೂವತ್ತು ವರ್ಷದ ಗೆಳೆಯ. ಹುಣ್ಣಿಮೆ ಚಂದ್ರನಲ್ಲೂ ಕೊಂಕು ಹುಡುಕುತ್ತಿದ್ದುದರಿಂದ ಆ ಬಿರುದು.)

ಅವನು ಹೋಗಿ ಎರಡು ತಿಂಗಳು. ಶುಕ್ರವಾರ ಅವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಫೋನ್ ಮಾಡಿದರು. "ಬ್ಲಾಗಲ್ಲಿ ಒಂದು ಬರಹವೂ ಕಾಣಿಸ್ತಿಲ್ಲ. ಓದೋರಾದ್ರೂ ಯಾರಿದ್ದಾರೆ ಬಿಡಿ. ಭಾನುವಾರ ಮುಚ್ಚಿಬಿಡ್ತೀನಿ."

"ಬೇಡ ಅತ್ತಿಗೆ, ಸರಿ ಮಾಡ್ತೀನಿ" ಎಂದೆ. ಅವನ ದನಿ ಇನ್ನೂ ಉಳಿದಿದ್ದುದು ಅಲ್ಲೊಂದೇ ಕಡೆ.

ಬ್ಲಾಗು ಇದ್ದದ್ದು ಕಂಟೇನರ್ ಎಂಬ ಎರಡು ಡಬ್ಬಿಗಳಲ್ಲಿ. ಒಂದರಲ್ಲಿ ಜನ ನೋಡುವ ಪುಟ. ಇನ್ನೊಂದರಲ್ಲಿ ಬರಹಗಳು ಮತ್ತು ಕೇಳಿದಾಗ ಅವನ್ನು ಎತ್ತಿಕೊಡುವ ಎಪಿಐ ಎಂಬ ಉಗ್ರಾಣಿ. ಪುಟ ಕೇಳುತ್ತಿತ್ತು. ಉಗ್ರಾಣಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. 'ಸಂಪರ್ಕ ಸಾಧ್ಯವಾಗಲಿಲ್ಲ' ಎಂಬ ಕೆಂಪು ಸಾಲೊಂದೇ ಉತ್ತರ.

ಎರಡೂ ಡಬ್ಬಿ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಶನಿವಾರ 'ಪರೀಕ್ಷೆ ಒಂದು', 'ಪರೀಕ್ಷೆ ಎರಡು' ಎಂದು ಬರಹ ಕಳಿಸಿದೆ. ಕೆಂಪು ಸಾಲು. ಹೇಗೂ ತಲುಪುವುದಿಲ್ಲವಲ್ಲ ಎಂದು ಕೈ ಸಡಿಲವಾಯಿತು. ಒಂಬತ್ತನೆಯದರಲ್ಲಿ ಬರೆದೆ: 'ಕೊಂಕಣ್ಣ, ಇವಳು ನನ್ನನ್ನು ದಿನಾ ವಾಕಿಂಗಿಗೆ ಎಳೆಯುತ್ತಾಳೆ. ನೆಮ್ಮದಿಯಾಗಿ ದುಃಖಪಡಲೂ ಬಿಡುವುದಿಲ್ಲ.' ಹದಿನಾರನೆಯದರಲ್ಲಿ: 'ಕೊನೆಯ ದಿನ ಆಸ್ಪತ್ರೆಗೆ ಬರುತ್ತೇನೆಂದು ಬರಲಿಲ್ಲ. ಕಾರು ಕೆಟ್ಟಿತ್ತು ಅಂದೆ. ಕೆಟ್ಟಿರಲಿಲ್ಲ ಕಣೋ. ಹೆದರಿಕೆಯಾಗಿತ್ತು.'

ಭಾನುವಾರ ಮಧ್ಯಾಹ್ನ ಇವಳು, ಅಂದರೆ ನನ್ನ ಹೆಂಡತಿ, ಬಂದು ಪಕ್ಕದಲ್ಲಿ ಕೂತಳು.

"ಎರಡು ದಿನದಿಂದ ಡಬ್ಬಿ ಡಬ್ಬಿ ಅಂತಿದ್ದೀರಿ. ಅಡುಗೆಮನೆ ಡಬ್ಬಿಗೆ ಒಂದಿನ ಮುಚ್ಚಳ ಹಾಕಿದ್ದೀರಾ?"

"ಅದು ಬೇರೆ ಡಬ್ಬಿ."

"ಕೆಡೋಕೆ ಮುಂಚೆ ನೀವೇನು ಮಾಡಿದ್ರಿ, ಅದು ಹೇಳಿ."

"ಏನಿಲ್ಲ. ಬ್ಲಾಗಿನ ವಿಳಾಸ ಉದ್ದ ಇತ್ತು. ಅಂದವಾಗಿರಲಿ ಅಂತ ಚಿಕ್ಕದು ಮಾಡ್ದೆ."

"ಮನೆ ಬದಲಾಯಿಸಿದ್ದು ಉಗ್ರಾಣಿಗೆ ಹೇಳಿದ್ರಾ?"

ಹೇಳಿರಲಿಲ್ಲ. ಯಾರಿಗೆ ಉತ್ತರ ಕೊಡಬಹುದು ಎಂಬ ಉಗ್ರಾಣಿಯ ಪಟ್ಟಿಯಲ್ಲಿ ಹಳೆಯ ವಿಳಾಸವೇ ಇತ್ತು. ಒಂದು ಸಾಲು ತಿದ್ದಿದೆ. ಪುಟ ತುಂಬಿತು, ಕೊಂಕಣ್ಣನ ನಾನೂರು ಬರಹಗಳಿಂದ. ಅವುಗಳ ನೆತ್ತಿಯ ಮೇಲೆ ನನ್ನ ಹದಿನಾರು.

ನಾನು ಕಳಿಸಿದ್ದೆಲ್ಲ ತಲುಪಿತ್ತು. ಹೊಸ ವಿಳಾಸ ಪಟ್ಟಿಯಲ್ಲಿಲ್ಲದ್ದರಿಂದ ಉಗ್ರಾಣಿಯ ಉತ್ತರವನ್ನಷ್ಟೇ ನನ್ನ ಬ್ರೌಸರ್ ಬಾಗಿಲಲ್ಲೇ ತಡೆದಿತ್ತು. ಪ್ರತಿಯೊಂದು ಹೊಸ ಬರಹವೂ ಚಂದಾದಾರರಿಗೆಲ್ಲ ಇಮೇಲ್ ಆಗಿ ಹೋಗುವುದು ಕೊಂಕಣ್ಣ ಮಾಡಿಟ್ಟಿದ್ದ ಏರ್ಪಾಟು.

"ನಿನ್ನೆಯಿಂದ ನಂಗೂ ಬರ್ತಿದೆ" ಎಂದಳು.

"ಹೇಳಬಾರದಾಗಿತ್ತಾ?"

"ನನ್ನ ಹತ್ರ ಹೇಳದ್ದನ್ನ ಅಲ್ಲಿ ಹೇಳ್ತಿದ್ರಿ. ಮುಗೀಲಿ ಅಂತ ಕಾದೆ."

ಬಂದ ಇಮೇಲಿಗೇ ಉತ್ತರ ಬರೆದು ನೂರಾ ಹನ್ನೆರಡು ಜನ ಪ್ರತಿಕ್ರಿಯಿಸಿದ್ದರು, ಅವೂ ಕೆಳಗೆ ಬಂದು ಕೂತಿದ್ದವು. ವಾಕಿಂಗಿನ ವಿಷಯದಲ್ಲಿ ಒಬ್ಬರೂ ನನ್ನ ಪಕ್ಷದಲ್ಲಿರಲಿಲ್ಲ. ಅಷ್ಟರಲ್ಲಿ ಅತ್ತಿಗೆಯ ಫೋನ್. ಎತ್ತಲು ಕೈ ಬರಲಿಲ್ಲ. ಇವಳೇ ಎತ್ತಿ ನನ್ನ ಕಿವಿಗಿಟ್ಟಳು.

"ಕಾರು ಕೆಟ್ಟಿಲ್ಲ ಅಂತ ಅವರಿಗೆ ಅವತ್ತೇ ಗೊತ್ತಿತ್ತು" ಎಂದರು ಅತ್ತಿಗೆ. "'ಪುಕ್ಕಲ, ಬರಲ್ಲ ಬಿಡು' ಅಂತ ನಕ್ಕಿದ್ರು. ಆಮೇಲೆ ಎಷ್ಟೋ ಹೊತ್ತು ನಿಮ್ಮ ಮಾತೇ."

ಇವಳ ಕೈಯಿಂದ ಫೋನನ್ನು ನಾನೇ ತೆಗೆದುಕೊಂಡೆ.

"ಇಷ್ಟು ಜನ ಓದ್ತಾರೆ ಅಂತ ನಂಗೆ ಗೊತ್ತಿರಲಿಲ್ಲ. ಬ್ಲಾಗ್ ಮುಚ್ಚಲ್ಲ. ಆದ್ರೆ ದಮ್ಮಯ್ಯ, ನೀವಿನ್ನು ಏನೂ ಸರಿ ಮಾಡಬೇಡಿ. ಪಾಸ್‌ವರ್ಡ್ ಬದಲಾಯಿಸಿ ನಿಮ್ಮ ಮನೆಯವರಿಗೆ ಕಳ್ಸಿದ್ದೀನಿ."

ಈಗ ನಾನು ಏನೇ ಬರೆದರೂ ಇವಳು ಓದಿ, ಮನಸ್ಸಾದರೆ ಹಾಕುತ್ತಾಳೆ. ಇದನ್ನೂ ಕೊಟ್ಟಿದ್ದೇನೆ. ನನ್ನ ಪರವಾಗಿದ್ದ ಒಂದು ಪ್ಯಾರಾ ಆಗಲೇ ಹೋಗಿದೆ.