ಒಂಬತ್ತು ದಿನ ತಡವಾಗಿ ಗುಣವಾದ ಕಾಲಿನ ಅಹವಾಲು

ಹುಣ್ಣು ಮಾಯಿಸುವ ಹೊಸ ಮುಲಾಮಿನ ಪರೀಕ್ಷಾ ವಿಭಾಗಕ್ಕೆ ಮುಖ್ಯಸ್ಥರಾಗಿರುವ ಮಾನ್ಯರೇ,

ತಮಗೂ, ತಮ್ಮ ಕಚೇರಿಯ ಸಮಸ್ತ ಸಿಬ್ಬಂದಿಗೂ, ಚೀಟಿ ಎತ್ತಿ ನಮ್ಮ ಹಣೆಬರಹ ಬರೆದ ತಮ್ಮ ಕಂಪ್ಯೂಟರಿಗೂ ನನ್ನ ಹಾಗೂ ನನ್ನ ಬಲಗಾಲಿನ ಅನಂತ ವಂದನೆಗಳು. ತಾವೆಲ್ಲ ಕ್ಷೇಮವೆಂದೂ, ಅದರಲ್ಲೂ ತಮ್ಮ ಪಾದಗಳು ಕ್ಷೇಮವೆಂದೂ ನಂಬಿದ್ದೇನೆ. ತಾವು ದಯಮಾಡಿ ಕಳಿಸಿದ ಪತ್ರ ಕಳೆದ ಮಂಗಳವಾರ ಕೈಸೇರಿತು. ರೋಗಿ ಸಂಖ್ಯೆ ಮೂವತ್ತೊಂದು, ಅಂದರೆ ನಾನು, ಔಷಧಿಯಿಲ್ಲದ ಬರಿಯ ಜೆಲ್ ಹಚ್ಚಿಕೊಂಡ ಗುಂಪಿನವನೆಂದೂ, ಇಪ್ಪತ್ತನೆಯ ವಾರದ ಕೊನೆಗೆ ನನ್ನ ಫಲಿತಾಂಶ 'ಗುಣವಾಗಿಲ್ಲ' ಎಂದು ದಾಖಲಾಗಿದೆಯೆಂದೂ, ಆದರೂ ನನ್ನ ಸಹಕಾರವನ್ನು ವಿಜ್ಞಾನ ಮರೆಯುವುದಿಲ್ಲವೆಂದೂ ಬರೆದಿದ್ದೀರಿ. ಓದಿ ಎದೆಯುಬ್ಬಿತು. ಉಬ್ಬಿದ ಎದೆಯಿಂದಲೇ ಎದ್ದು ಒಳಗೆ ಹೋಗಿ ಕನ್ನಡಕ ತಂದು ಇನ್ನೊಮ್ಮೆ ಓದಿದೆ. ಹಾಗೆ ಎದ್ದು ಹೋಗಿ ಬಂದದ್ದು ತಾವು ಗುಣವಾಗಿಲ್ಲವೆಂದು ಬರೆದ ಅದೇ ಕಾಲಿನ ಮೇಲೆ ಎಂಬುದನ್ನು ವಿನಯಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತೇನೆ.

ನಾನು ಕೋಟು, ಷರಾಯಿ ಹೊಲಿಯುವ ದರ್ಜಿ. ಸಕ್ಕರೆ ಕಾಯಿಲೆಗೂ ನನಗೂ ಹದಿನೇಳು ವರ್ಷದ ಸಹವಾಸ. ಅಷ್ಟು ವರ್ಷದ ಸ್ನೇಹಕ್ಕೆ ಅದು ನನ್ನ ಅಂಗಾಲಿನ ಅರಿವನ್ನು ಕಸಿದುಕೊಂಡಿತು. ಕಳೆದ ವರ್ಷ ಒಂದು ದಿನ ಬೂಟಿನೊಳಗೆ ಅಂಗಿಯ ಗುಂಡಿಯೊಂದು ಬಿದ್ದಿತ್ತು. ಅದನ್ನು ಮೆಟ್ಟಿಕೊಂಡೇ ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ ಯಂತ್ರ ತುಳಿದೆ. ಕಾಲುಚೀಲ ಬಿಚ್ಚಿದಾಗ ಹೆಬ್ಬೆರಳಿನ ಬುಡದಲ್ಲಿ ನಾಲ್ಕು ತೂತಿನ ಗುಂಡಿಯ ಅಚ್ಚು ಬಲು ಚೊಕ್ಕವಾಗಿ ಮೂಡಿದ್ದನ್ನು ನೋಡಿದವಳು ನನ್ನ ಹೆಂಡತಿ. "ನೋವಾಗ್ಲಿಲ್ವಾ?" ಎಂದು ಕೇಳಿದಳು. ಆಗಿರಲಿಲ್ಲ. ಆಗದೇ ಇದ್ದದ್ದಕ್ಕೇ ಅವಳು ಅತ್ತಳು. ಮೂರು ತಿಂಗಳಲ್ಲಿ ಆ ಅಚ್ಚು ಕೋಟಿನ ಗುಂಡಿಯಷ್ಟಗಲದ ಹುಣ್ಣಾಯಿತು, ಮಾಯುವ ಮಾತೇ ಎತ್ತಲಿಲ್ಲ. ಶಸ್ತ್ರವೈದ್ಯರು ಬೆರಳಿನ ಬುಡಕ್ಕೆ ಪೆನ್ನಿನಲ್ಲಿ ಗೆರೆ ಎಳೆದು "ತೆಗೆದ್ರೆ ಇಲ್ಲಿಗೆ" ಎಂದರು. ದಿನವೂ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವವನಿಗೆ, ಗೆರೆಯ ಹಿಂದೆಯೇ ಕತ್ತರಿ ಬರುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಆಗ ತಮ್ಮ ಪರೀಕ್ಷೆಗೆ ಹುಣ್ಣಿನ ಕಾಲುಗಳು ಬೇಕಾಗಿವೆಯೆಂದು ತಿಳಿಯಿತು. ಕಾಲಿಗೆ ಬುದ್ಧಿ ಹೇಳಿ ಓಡಿಬಂದೆ ಎನ್ನೋಣವೆಂದರೆ ಓಡುವಂತಿರಲಿಲ್ಲ, ಕುಂಟಿಕೊಂಡು ಬಂದೆ.

ನಮಗೆ ಎಲ್ಲವನ್ನೂ ವಿವರಿಸಿದವರು ತಮ್ಮ ವಿಭಾಗದ ನರ್ಸಮ್ಮ. ಮುಲಾಮಿನಲ್ಲಿ ಗ್ರೋತ್ ಫ್ಯಾಕ್ಟರ್ ಎಂಬ ಪದಾರ್ಥವಿದೆ, ಹುಣ್ಣಿನ ಸುತ್ತ ಕೆಲಸ ಬಿಟ್ಟು ಕೂತಿರುವ ಜೀವಕೋಶಗಳನ್ನು ಅದು ಕರೆದೆಬ್ಬಿಸಿ ಹೊಸ ಚರ್ಮ ಕಟ್ಟಿಸುತ್ತದೆ, ನಿಜಕ್ಕೂ ಕಟ್ಟಿಸುತ್ತದೋ ಇಲ್ಲವೋ ನೋಡುವುದಕ್ಕೇ ಈ ಪರೀಕ್ಷೆ ಎಂದರು. "ಅರ್ಧ ಜನಕ್ಕೆ ಔಷಧಿ ಇರೋ ಟ್ಯೂಬು, ಇನ್ನರ್ಧ ಜನಕ್ಕೆ ಬರೀ ಜೆಲ್ಲು. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ." ನನ್ನ ಪಕ್ಕ ಕೂತಿದ್ದ ದಪ್ಪ ಆಸಾಮಿಯೊಬ್ಬರು, "ಯಾರಿಗೂ ಗೊತ್ತಿಲ್ಲ ಅನ್ನೋದಕ್ಕೆ ಇಷ್ಟು ದೊಡ್ಡ ಆಸ್ಪತ್ರೆ ಯಾಕಮ್ಮಾ? ನಮ್ಮನೇಲೇ ಯಾರಿಗೂ ಏನೂ ಗೊತ್ತಿಲ್ಲ" ಎಂದರು. ಅವರು ಬಸ್ಸಿನ ಡ್ರೈವರು. ಯಾವ ಬಾಗಿಲಲ್ಲೇ ಆಗಲಿ ಎರಡು ಸಲ ಜೋರಾಗಿ ಕೆಮ್ಮದೆ ಒಳಗೆ ಕಾಲಿಡುವವರಲ್ಲ. ಆಸ್ಪತ್ರೆಯವರೆಲ್ಲ ಅವರನ್ನು ಹಾರ್ನಣ್ಣ ಎನ್ನುತ್ತಿದ್ದರು. ಅವರ ಹುಣ್ಣೂ ಬಲಗಾಲಿನದೇ, ಆಕ್ಸಿಲರೇಟರ್ ಒತ್ತುವ ಜಾಗದಲ್ಲಿ. ಒಬ್ಬ ಯಂತ್ರ ತುಳಿಯುವವನು, ಇನ್ನೊಬ್ಬ ಬಸ್ಸು ತುಳಿಯುವವನು. ಸ್ನೇಹವಾಗಲು ಇನ್ನೇನು ಬೇಕು?

ಇನ್ನು ತಮ್ಮ ಟ್ಯೂಬಿನ ವೈಭೋಗವನ್ನು ಎಷ್ಟು ಹೊಗಳಿದರೂ ಸಾಲದು. ಅದರ ವಾಸ ಫ್ರಿಜ್ಜಿನಲ್ಲೇ ಆಗಬೇಕು. ನನ್ನ ಹೆಂಡತಿ ಮೇಲಿನ ಅರೆಯನ್ನು ಪೂರ್ತಿ ಖಾಲಿ ಮಾಡಿ ಅದಕ್ಕೆ ಬಿಟ್ಟುಕೊಟ್ಟಳು. ದಿನಕ್ಕೊಮ್ಮೆ ಹುಣ್ಣಿನ ಉದ್ದಗಲಕ್ಕೆ ತಕ್ಕಷ್ಟು ಅಳೆದೂ ಸುರಿದೂ ಮೇಣದ ಕಾಗದದ ಮೇಲೆ ಹಿಂಡಿ, ನಾಣ್ಯದ ದಪ್ಪಕ್ಕೆ ಸವರಿ, ಉಪ್ಪುನೀರಿನಲ್ಲಿ ಅದ್ದಿದ ಗಾಜ್ ಬಟ್ಟೆ ಮುಚ್ಚಿ, ಹನ್ನೆರಡು ಗಂಟೆ ಕಳೆದ ಮೇಲೆ ತೊಳೆದು ಹೊಸದಾಗಿ ಕಟ್ಟಬೇಕು. ಇಷ್ಟನ್ನೂ ಮಾಡಿದವಳು ಅವಳೇ, ಏಕೆಂದರೆ ನನಗೂ ನನ್ನ ಅಂಗಾಲಿಗೂ ನಡುವೆ ಹೊಟ್ಟೆ ಅಡ್ಡವಿದೆ. ವಾರಕ್ಕೊಮ್ಮೆ ನರ್ಸಮ್ಮ ಹುಣ್ಣಿನ ಮೇಲೆ ಪಾರದರ್ಶಕ ಹಾಳೆಯಿಟ್ಟು ಅಂಚನ್ನು ಗುರುತಿಸುತ್ತಿದ್ದರು. ಮೊದಲ ದಿನವೇ ನಾನು, "ಸಿಸ್ಟರ್, ಪೆನ್ನಿನ ಮೊನೆ ದಪ್ಪ ಆಯ್ತು. ಗೆರೆಯ ಒಳಗಡೆಯಿಂದ ಅಳೀತೀರೋ ಹೊರಗಡೆಯಿಂದಲೋ?" ಎಂದು ಕೇಳಿದ್ದು ಉದ್ಧಟತನದಿಂದಲ್ಲ, ವೃತ್ತಿಧರ್ಮದಿಂದ. ಹೊಲಿಗೆಗೆಂದು ಬಿಟ್ಟ ಅಂಚನ್ನು ಸೊಂಟದ ಅಳತೆಗೆ ಸೇರಿಸಿದರೆ ಷರಾಯಿ ನಿಲ್ಲುವುದಿಲ್ಲ. ಮುಂದಿನ ವಾರ ಅವರು ಚೂಪು ಮೊನೆಯ ಪೆನ್ನು ತಂದರು.

ಮುಲಾಮಿಗಿಂತ ಕಠಿಣವಾದದ್ದು ತಮ್ಮ ಇನ್ನೊಂದು ಆಜ್ಞೆ. ಯಾವ ಗುಂಪಿನವರೇ ಆಗಲಿ ಹುಣ್ಣಿನ ಕಾಲನ್ನು ನೆಲಕ್ಕೆ ಊರುವಂತಿಲ್ಲ, ಯಂತ್ರ ತುಳಿಯುವ ಮಾತಂತೂ ದೂರ. ಆದ್ದರಿಂದ ನಾನು ಕಾಲನ್ನು ಸ್ಟೂಲಿನ ಮೇಲೆ ಚಾಚಿ ಬಟ್ಟೆ ಹಿಡಿದೆ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ ನನ್ನ ಹೆಂಡತಿ ಯಂತ್ರ ತುಳಿದಳು. ಕೈ ನನ್ನದು, ಕಾಲು ಅವಳದು. ಕಾಲರಿನ ತಿರುವಿಗೆ ಬಂದು ನಾನು "ನಿಧಾನ" ಎನ್ನುವಷ್ಟರಲ್ಲಿ ಅವಳು ಭುಜದವರೆಗೆ ಹೋಗಿಬಿಟ್ಟಿರುತ್ತಿದ್ದಳು. "ಮೂವತ್ತೆರಡು ವರ್ಷ ನಿಮ್ಮ ನಿಧಾನಕ್ಕೆ ನಾನು ಕಾದಿದ್ದೀನಿ, ಈಗ ನನ್ನ ವೇಗಕ್ಕೆ ನೀವು ಬನ್ನಿ" ಎಂದಳು. ಆ ಐದು ತಿಂಗಳಲ್ಲಿ ನಮ್ಮ ಅಂಗಡಿಯಿಂದ ಹೊರಟ ಕೆಲವು ಕಾಲರುಗಳು ಎಡಕ್ಕೆ ತಿರುಗಿ ನೋಡುತ್ತಿದ್ದರೆ ಅದಕ್ಕೂ ವಿಜ್ಞಾನವೇ ಹೊಣೆ.

ಹನ್ನೆರಡನೆಯ ವಾರ ಹಾರ್ನಣ್ಣನ ಹುಣ್ಣು ಪೂರ್ತಿ ಮುಚ್ಚಿತು. ಎರಡು ವಾರ ಬಿಟ್ಟು ಮತ್ತೆ ನೋಡಿದರು, ಮುಚ್ಚಿಯೇ ಇತ್ತು. ನರ್ಸಮ್ಮ ಚಪ್ಪಾಳೆ ತಟ್ಟಿದರು, ನಾವೆಲ್ಲ ತಟ್ಟಿದೆವು, ಹಾರ್ನಣ್ಣ ಕಾರಿಡಾರಿನ ಉದ್ದಕ್ಕೂ ನಡೆದು ತೋರಿಸಿದರು. ಅವರ ಹೆಸರಿನ ಮುಂದೆ 'ಗುಣವಾಗಿದೆ' ಎಂದು ಬರೆದು, ಟ್ಯೂಬು ಹಿಂದಕ್ಕೆ ಪಡೆದು, ತಾವು ಅವರನ್ನು ಬೀಳ್ಕೊಟ್ಟಿರಿ. ಮುಂದಿನ ಸೋಮವಾರ ಅವರು ಬಸ್ಸು ಹತ್ತಿದರು.

ಹತ್ತೊಂಬತ್ತನೆಯ ವಾರ ಅವರು ನನ್ನ ಅಂಗಡಿಗೆ ಬಂದರು. ಬಾಗಿಲಲ್ಲಿ ಕೆಮ್ಮಲಿಲ್ಲ. ಸುಮ್ಮನೆ ಬಂದು ಕೂತು ಬೂಟು ಬಿಚ್ಚಿದರು. ಹೊಸ ಚರ್ಮ ಒಡೆದು, ಪಕ್ಕದ ಬೆರಳು ಕೆಂಪಗೆ ಊದಿಕೊಂಡು, ವಾಸನೆ ಬರುತ್ತಿತ್ತು. "ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ?" ಎಂದರೆ ಆ ಆರಡಿಯ ಮನುಷ್ಯ ನೆಲ ನೋಡುತ್ತ, "ಆ ಸಿಸ್ಟರ್ ಪಾಪ ಚಪ್ಪಾಳೆ ತಟ್ಟಿದ್ರಲ್ಲ, ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದರು.

ಮಾನ್ಯರೇ, ಇಲ್ಲೊಂದು ತಪ್ಪೊಪ್ಪಿಗೆಯಿದೆ. ನನ್ನ ಹುಣ್ಣು ಆಗ ಕಡಲೆಬೇಳೆಯಷ್ಟಕ್ಕೆ ಇಳಿದಿತ್ತು. ನನ್ನದು ಔಷಧಿಯ ಟ್ಯೂಬೇ ಎಂದು ನನಗೆ ಖಾತ್ರಿಯಾಗಿತ್ತು. ಅದನ್ನು ತಂದು ಹಾರ್ನಣ್ಣನಿಗೆ ಹಚ್ಚೋಣವೆಂದು ಅಂಗಡಿಯ ಹಿಂದೆಯೇ ಇರುವ ಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದೆ. ಹೆಂಡತಿ ಅಡ್ಡ ನಿಂತಳು. "ಅದ್ರಲ್ಲಿ ಔಷಧಿ ಇದೆಯೋ ಇಲ್ವೋ ನಿಮಗೇ ಗೊತ್ತಿಲ್ಲ. ಅವರ ಕಾಲು ಇಟ್ಟು ಜೂಜಾಡ್ತೀರಾ? ನಡೀರಿ ಆಸ್ಪತ್ರೆಗೆ." ಅವಳು ಅಂಗಡಿಯ ಬಾಗಿಲು ಹಾಕಿದಳು, ನಾವು ಮೂವರೂ ಹೊರಟೆವು. ತಮ್ಮ ಲಿಫ್ಟು ಅಂದು ಕೆಟ್ಟಿತ್ತು. ಹಾರ್ನಣ್ಣನ ಒಂದು ತೋಳು ಅವಳ ಹೆಗಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಮೂರು ಮಹಡಿ ಹತ್ತಿದೆವು. ಮೇಲೆ ಸಾಲಿನಲ್ಲಿ ಇದ್ದದ್ದು ಒಂದೇ ಕುರ್ಚಿ, ಅದನ್ನು ಅವರಿಗೆ ಕೊಟ್ಟೆವು. ನಾನು ಮೂರು ಗಂಟೆ ನಿಂತೆ. ನೆಲಕ್ಕೆ ಊರಬಾರದ ಕಾಲನ್ನು ಊರಿದ್ದೇನೆಂದು ನನಗೆ ಗೊತ್ತಿತ್ತು, ಆದರೆ ಕಾಲು ಏನೂ ದೂರಲಿಲ್ಲ. ದೂರುವುದನ್ನು ಅದು ಎಂದೋ ಬಿಟ್ಟಿತ್ತು. ಅಂದೇ ಹಾರ್ನಣ್ಣನನ್ನು ವಾರ್ಡಿಗೆ ಸೇರಿಸಿಕೊಂಡರು. ಎರಡನೆಯ ಬೆರಳು ಹೋಯಿತು, ಪಾದ ಉಳಿಯಿತು. ಇನ್ನೆರಡು ದಿನ ತಡವಾಗಿದ್ದರೆ ಪಾದವೂ ಇರುತ್ತಿರಲಿಲ್ಲವೆಂದು ವೈದ್ಯರು ಹೇಳಿದರು.

ಆರು ದಿನದ ನಂತರ ನನ್ನ ಇಪ್ಪತ್ತನೆಯ ವಾರದ ಕೊನೆಯ ತಪಾಸಣೆ. ನರ್ಸಮ್ಮ ಪಟ್ಟಿ ಬಿಚ್ಚಿದರು. ಗಾಜ್ ಬಟ್ಟೆಯ ಮೇಲೆ ಒಂದೇ ಒಂದು ಒದ್ದೆಯ ಚುಕ್ಕೆ. ಭೂತಗನ್ನಡಿ ಹಿಡಿದು ನೋಡಿದರು, ಡಾಕ್ಟರನ್ನೂ ಕರೆದರು. ಗುಂಡುಸೂಜಿಯ ತಲೆಯಷ್ಟು ಜಾಗ ತೆರೆದಿತ್ತು. "ಮೆಟ್ಟಿಲು ಹತ್ತಿದ್ರಾ?" ಎಂದು ನರ್ಸಮ್ಮ ಮೆಲ್ಲಗೆ ಕೇಳಿದರು, ನಾನು ಹತ್ತಿದ್ದೆನೆಂದು ಅವರಿಗೆ ಗೊತ್ತಿತ್ತು, ಏಕೆ ಹತ್ತಿದೆನೆಂದೂ ಗೊತ್ತಿತ್ತು. "ರೂಲ್ಸ್ ಅಂದ್ರೆ ರೂಲ್ಸು, ಪೂರ್ತಿ ಮುಚ್ಚಿರ್ಬೇಕು" ಎಂದು ಬರೆದುಕೊಂಡರು. ಬರೆಯುವಾಗ ನನ್ನ ಮುಖ ನೋಡಲಿಲ್ಲ. ಅಂದಿನಿಂದ ಒಂಬತ್ತನೆಯ ದಿನಕ್ಕೆ ಹುಣ್ಣು ಮುಚ್ಚಿತು, ಇವತ್ತಿಗೂ ಮುಚ್ಚಿದೆ. ಕಾಲಕ್ಕೆ ಸರಿಯಾಗಿ ಕಾಲು ಒದಗಲಿಲ್ಲ, ಅಷ್ಟೆ.

ಹಾರ್ನಣ್ಣನಿಗೂ ತಮ್ಮ ಪತ್ರ ಬಂದಿದೆ. ಅವರದು ಔಷಧಿಯ ಗುಂಪು, ಫಲಿತಾಂಶ 'ಗುಣವಾಗಿದೆ'. ಎರಡೂ ಪತ್ರಗಳನ್ನು ಇಸ್ತ್ರಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನಾವಿಬ್ಬರೂ ನೋಡಿದೆವು. ಹತ್ತು ಬೆರಳಿನ ನಾನು ಗುಣವಾಗಿಲ್ಲ, ಒಂಬತ್ತು ಬೆರಳಿನ ಅವರು ಗುಣವಾಗಿದ್ದಾರೆ. ಹಾರ್ನಣ್ಣ ಬೆರಳು ಹೋದ ಮೇಲೆ ಮೊದಲ ಸಲ ನಕ್ಕು, "ನೀವು ಫೇಲು, ನಾನು ಪಾಸು. ಬೇಜಾರ್ ಮಾಡ್ಕೋಬೇಡಿ, ಮುಂದಿನ ವರ್ಷ ಮತ್ತೆ ಕಟ್ಟಿ" ಎಂದರು.

ತಮ್ಮ ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ಗೆರೆಯನ್ನು ಎಲ್ಲಾದರೂ ಒಂದು ಕಡೆ ಎಳೆಯಲೇಬೇಕು. ಎಲ್ಲರ ಮಾತೂ ಕೇಳುತ್ತ ಕೂತರೆ ಬಟ್ಟೆ ಕತ್ತರಿಸುವುದು ಯಾವಾಗ? ನೂರಾರು ಕಾಲುಗಳ ನಡುವೆ ನಮ್ಮ ಎರಡು ಕಾಲಿನ ಕಥೆ ಕರಗಿಹೋಗುತ್ತದೆಂದು ನರ್ಸಮ್ಮ ತಿಳಿಸಿ ಹೇಳಿದ್ದಾರೆ, ನಂಬಿದ್ದೇನೆ. ಮುಲಾಮು ಒಳ್ಳೆಯದೇ ಆಗಿರಲಿ, ಅದು ಜಗತ್ತಿನ ಹುಣ್ಣುಗಳನ್ನೆಲ್ಲ ಮಾಯಿಸಲಿ. ಆದರೂ ಸ್ವಾಭಿಮಾನಿಯಾದ ನನ್ನ ಕಾಲಿನ ಪರವಾಗಿ ಕೆಲವು ಸಣ್ಣ ಕೋರಿಕೆಗಳಿವೆ. ಇಪ್ಪತ್ತನೆಯ ವಾರಕ್ಕೆ ಏಳರ ಬದಲು ಹದಿನಾರು ದಿನಗಳನ್ನು ದಯಪಾಲಿಸಬೇಕು. ಅದಾಗದಿದ್ದರೆ 'ಗುಣವಾಗಿದೆ', 'ಗುಣವಾಗಿಲ್ಲ' ಎಂಬ ಎರಡರ ನಡುವೆ 'ಬಂದೆ ಇರಿ' ಎಂಬ ಮೂರನೆಯ ಕಾಲಮ್ಮನ್ನು ತೆರೆಯಬೇಕು. ತಮ್ಮ ಮುಂದಿನ ಪರೀಕ್ಷೆಯನ್ನು ಲಿಫ್ಟಿನ ಮೇಲೆ ನಡೆಸಬೇಕು: ಅರ್ಧ ರೋಗಿಗಳಿಗೆ ನಡೆಯುವ ಲಿಫ್ಟು, ಇನ್ನರ್ಧಕ್ಕೆ ನೋಡಲು ಹಾಗೆಯೇ ಇರುವ ಕೆಟ್ಟ ಲಿಫ್ಟು, ಯಾರಿಗೆ ಯಾವುದೆಂದು ಯಾರಿಗೂ ತಿಳಿಯಬಾರದು. ಇಲ್ಲಿಯವರೆಗೆ ಎಲ್ಲರಿಗೂ ಎರಡನೆಯದೇ ಸಿಕ್ಕಿದೆಯೆಂಬ ಅನುಮಾನವಿದೆ.

ಇದಿಷ್ಟರಲ್ಲಿ ಒಂದನ್ನೂ ನಡೆಸಿಕೊಡಲಾಗದಿದ್ದರೆ ಕೊನೆಯದೊಂದು ಕೋರಿಕೆ, ಇದು ತಮಾಷೆಯಲ್ಲ. 'ಗುಣವಾಗಿದೆ' ಎಂದು ಬರೆದು ಕಳಿಸಿದವರಿಗೆ ತಿಂಗಳಿಗೊಮ್ಮೆ ಫೋನ್ ಮಾಡಿಸಿ. "ಬೂಟು ಬಿಚ್ಚಿ ನೋಡಿದ್ರಾ?" ಎಂದು ಕೇಳಿದರೆ ಸಾಕು. ಚಪ್ಪಾಳೆ ತಟ್ಟಿಸಿಕೊಂಡವರು ತಾವಾಗಿ ಬರುವುದಿಲ್ಲ.

ತಮ್ಮ ಕಡತದಲ್ಲಿ ಇನ್ನೂ ಕುಂಟುತ್ತಿರುವ, ಇಲ್ಲಿ ನೆಟ್ಟಗೆ ನಿಂತು ಸಹಿ ಹಾಕುತ್ತಿರುವ,
ತಮ್ಮ ವಿಶ್ವಾಸಿ,
ರೋಗಿ ಸಂಖ್ಯೆ ಮೂವತ್ತೊಂದು

ಬರೆಯಲು ಬಿಟ್ಟುಹೋದದ್ದು: ತಮ್ಮ ನಮೂನೆಯ ನಾಲ್ಕನೆಯ ಪುಟದಲ್ಲಿ 'ಗಾಯ ಕಟ್ಟಲು ಮನೆಯಲ್ಲಿ ಜನ ಇದ್ದಾರೆಯೇ?' ಎಂಬ ಪ್ರಶ್ನೆಯಿದೆ. ಇಪ್ಪತ್ತು ವಾರವೂ 'ಹೌದು' ಎಂದು ಗುರುತು ಹಾಕಿದೆ. ಆ ಜನ ಹೇಗಿದ್ದಾರೆಂದು ತಾವು ಒಂದು ಸಲವೂ ಕೇಳಲಿಲ್ಲ. ತಮ್ಮನ್ನೇಕೆ ದೂರಲಿ, ನಾನೂ ಕೇಳಲಿಲ್ಲ. ಮೊನ್ನೆ ನರ್ಸಮ್ಮ ಸುಮ್ಮನೆ ನೋಡೋಣವೆಂದು ನನ್ನ ಹೆಂಡತಿಯ ಬೆರಳಿಗೂ ಸೂಜಿ ಚುಚ್ಚಿದರು. ಸಕ್ಕರೆ ಅವಳಿಗೂ ಇದೆ, ಎಷ್ಟು ದಿನದಿಂದಲೋ ತಿಳಿಯದು. ಈಗ ದಿನಾ ಸಂಜೆ ನಾನು ಅವಳ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಬೆರಳುಸಂದಿಗಳನ್ನೆಲ್ಲ ನೋಡಿ, ನರ್ಸಮ್ಮ ಹೇಳಿಕೊಟ್ಟಂತೆ ಹತ್ತಿಯ ಎಳೆಯಿಂದ ಅಂಗಾಲು ಸವರಿ ಪರೀಕ್ಷಿಸುತ್ತೇನೆ. ಮೊದಲ ದಿನವೇ ಅವಳು ಕಾಲು ಕೊಸರಿಕೊಂಡು "ಅಯ್ಯೋ ಬಿಡ್ರೀ, ಕಚಗುಳಿ ಆಗುತ್ತೆ" ಎಂದು ಕಿರುಚಿದಳು. ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದು ಬರೆಯಲು ತಮ್ಮ ನಮೂನೆಯಲ್ಲಿ ಜಾಗವಿಲ್ಲ. ಖಚಿತಪಡಿಸಿಕೊಳ್ಳಲು ಇನ್ನೆರಡು ಸಲ ಸವರಿದೆ, ಒದೆ ತಿಂದೆ.