ಮೇಡಂ ಪರವಾಗಿ ಬಂದ ಕಾಶಿನಾಥ

ಗಂಗಾವತಿಯ ಮಹಿಳಾ ಮಂಡಳದ ಸನ್ಮಾನವೂ ಕಾಲುವೆಯ ಗೇಟು ಕೈಕೊಟ್ಟದ್ದೂ ಒಂದೇ ದಿನ ಕೂಡಿಬಂದವು. ಎಂಜಿನಿಯರ್ ಕಾಶಿನಾಥನ ಫಜೀತಿ ಶುರುವಾದದ್ದು ಅಲ್ಲಿಂದ.

ಸನ್ಮಾನ ಅವನಿಗಲ್ಲ, ಅವನ ಮೇಲಧಿಕಾರಿ ಸುನಿತಾಳಿಗೆ. ಆ ಕಾಲುವೆ ಕಚೇರಿಯ ಮುಖ್ಯಸ್ಥಳಾಗಿ ಬಂದ ಮೊದಲ ಹೆಣ್ಣುಮಗಳು ಆಕೆ. ಈಗ ಬಡ್ತಿ ಸಿಕ್ಕು ಕೊಪ್ಪಳಕ್ಕೆ ಹೊರಟಿದ್ದಳು. ಆಕೆಯ ಕುರ್ಚಿಯ ಮೇಲೆ ಕಾಶಿನಾಥನಿಗೆ ಬಹಳ ದಿನದಿಂದ ಕಣ್ಣಿತ್ತು. ಮೇಡಂ ಊಟಕ್ಕೆ ಹೋದಾಗ ಗುಟ್ಟಾಗಿ ಕುಳಿತೂ ನೋಡಿದ್ದ. ಅಳತೆ ಸರಿಯಾಗಿತ್ತು.

"ಗೇಟ್ ಜಾಮ್ ಆಗೇತಿ. ಒಬ್ರು ಅಲ್ಲಿಗೆ ಹೋಗಬೇಕು, ಒಬ್ರು ಸನ್ಮಾನಕ್ಕ. ನೀವು ಯಾವುದಕ್ಕ ಹೋಗ್ತೀರಿ?" ಎಂದು ಬೆಳಿಗ್ಗೆ ಸುನಿತಾ ಕೇಳಿದಳು.

ಗೇಟಿನ ಹತ್ತಿರ ಕೆಸರು, ಭತ್ತಕ್ಕೆ ನೀರಿಲ್ಲವೆಂದು ಕೆಂಡವಾದ ರೈತರು. ಸಭೆಯಲ್ಲಿ ಫ್ಯಾನು, ಹೋಳಿಗೆ. ಮೇಲಾಗಿ, ಖಾಲಿ ಕುರ್ಚಿಗೆ ಯಾರನ್ನು ಕೂರಿಸಬೇಕೆಂದು ತೀರ್ಮಾನಿಸುವ ದೊಡ್ಡ ಎಂಜಿನಿಯರ್ ಮೆಹಜಬೀನರೇ ಅಲ್ಲಿ ಮುಖ್ಯ ಅತಿಥಿ. ಕಾಶಿನಾಥ ತ್ಯಾಗಿಯ ಮುಖ ಮಾಡಿ, ನಿಮ್ಮ ಪರವಾಗಿ ನಾನೇ ಶಾಲು ಹೊದ್ದುಕೊಂಡು ಬರುತ್ತೇನೆಂದ.

ಅಲ್ಲಿ ಶಾಲೇ ಇರಲಿಲ್ಲ. ಮಂಡಳದ ಅಧ್ಯಕ್ಷೆ ಹಂಪವ್ವ ತವರಿನಿಂದ ಹೊರಟ ಮಗಳಿಗೆ ತುಂಬುವಂತೆ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಖಣ ಎಲ್ಲ ಹರಡಿಕೊಂಡು ಕಾದಿದ್ದಳು. ಒಂದು ಚೀಲಕ್ಕೆ ಹಾಕಿಕೊಡಿ, ಮೇಡಂಗೆ ಮುಟ್ಟಿಸುತ್ತೇನೆ ಎಂದು ಕಾಶಿನಾಥ ಅಂಗಲಾಚಿದ.

"ಉಡಿ ಚೀಲದಾಗ ತುಂಬ್ತಾರೇನಪಾ? ಆಕಿ ಪರವಾಗಿ ಬಂದೀ, ಸೆರಗು ಒಡ್ಡು," ಎಂದಳು ಹಂಪವ್ವ.

ಪ್ಯಾಂಟಿಗೆ ಸೆರಗೆಲ್ಲಿಂದ ಬರಬೇಕು? ಸನ್ಮಾನಕ್ಕೆ ತಂದಿದ್ದ ಇಳಕಲ್ ಸೀರೆಯನ್ನೇ ಅವನ ಹೆಗಲಿಗೆ ಹೊದಿಸಿ, ಸೆರಗು ಮುಂದಕ್ಕೆ ಎಳೆದು, ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿಯೇ ಬಿಟ್ಟರು. ಕಾಶಿನಾಥ ಸಿಂಗರಿಸಿದ ಎತ್ತಿನಂತೆ ನೆಲ ನೋಡುತ್ತ ನಿಂತ. ನೂರು ಮೊಬೈಲುಗಳು ಅವನನ್ನೇ ನೋಡಿದವು.

ಮೈಕು ಕೈಗೆ ಬಂತು. ಮರ್ಯಾದೆ ಹೇಗೂ ಹೋಯಿತು, ಕುರ್ಚಿಯಾದರೂ ದಕ್ಕಲಿ ಎಂದು, ಮೆಹಜಬೀನರಿಗೆ ತನ್ನ ದೊಡ್ಡ ಮನಸ್ಸು ಕಾಣುವಂತೆ ಸುನಿತಾಳನ್ನು ಹೊಗಳತೊಡಗಿದ. ಕೆಸರಿಗಿಳಿಯುವವಳು ಆಕೆ, ರೈತರನ್ನು ಸಮಾಧಾನ ಮಾಡುವವಳು ಆಕೆ. ಚಪ್ಪಾಳೆ ಬಿದ್ದಷ್ಟೂ ನಾಲಿಗೆ ಸಡಿಲವಾಯಿತು.

"ಖರೇ ಹೇಳ್ತೇನ್ರಿ, ಮೇಡಂ ಇಲ್ಲದ ನನ್ನ ಕೈಲೆ ಒಂದ್ ದಿನಾನೂ ನಡಿಯಂಗಿಲ್ಲ."

ಊಟವಾದ ಮೇಲೆ ಮೆಹಜಬೀನ ಅವನನ್ನು ಪಕ್ಕಕ್ಕೆ ಕರೆದರು. "ಸುನಿತಾನ ಕುರ್ಚಿಗೆ ನಿಮ್ಮನ್ನ ಕೂಡಿಸಬೇಕಂತ ಮಾಡಿದ್ದೆ. ಒಂದ್ ದಿನಾನೂ ನಡಿಯಂಗಿಲ್ಲಂತ ನೀವ ಹೇಳಿದ್ರಿ, ಛಲೋ ಆತು. ಯಲಬುರ್ಗಾದಿಂದ ಅಮೃತಾನ್ನ ಕಳಸ್ತೀನಿ. ನಿಮಗಿಂತ ಸಣ್ಣಾಕಿ, ಆದ್ರ ಗಟ್ಟಿಗಿತ್ತಿ. ಆಕಿ ಬರೋತನಕ ಚಾರ್ಜ್ ನೀವ ಇಟ್ಕೊಳ್ರಿ."

ಆ ಮಾತು ಬಾಯಿತಪ್ಪಿ ಬಂತೆನ್ನಲು ಕಾಶಿನಾಥ ಬಾಯಿ ತೆರೆದ. ಅಷ್ಟರಲ್ಲಿ ಸುನಿತಾಳ ಫೋನು ಬಂತು. ಸೊಂಟದ ತನಕ ನೀರಲ್ಲಿ ನಿಂತು ಗೇಟು ಎತ್ತಿಸಿದ್ದಳಂತೆ. ಇವತ್ತೇ ಈ ಕಚೇರಿಯಿಂದ ಬಿಡುಗಡೆಯಾಗುವುದರಿಂದ ರೈತರಿಗೆಲ್ಲ ಅವನ ನಂಬರು ಕೊಟ್ಟಿದ್ದೇನೆಂದು ಹೇಳಿ ಇಟ್ಟಳು.

ಮರುಗಳಿಗೆಯೇ ಫೋನು ಬಡಿದುಕೊಂಡಿತು. ನೀರು ಇನ್ನೂ ತನ್ನ ಗದ್ದೆಗೆ ಮುಟ್ಟಿಲ್ಲವೆಂದು ಮೊದಲನೆಯ ರೈತ ಬೈದ. ಎರಡನೆಯವನು, ಎಲ್ಲಿದ್ದೀರಿ, ಅಲ್ಲಿಗೇ ಬರುತ್ತೇವೆ ಎಂದ. ಮೂರನೆಯ ಕರೆಯನ್ನು ಕಾಶಿನಾಥ ಎತ್ತಲಿಲ್ಲ. ಆ ಕುರ್ಚಿ ತನ್ನ ಪಾಲಿಗೆ ಕಾಯಂ ಅಲ್ಲವೆಂದು ಆಗ ಅವನಿಗೆ ನೆನಪಾಯಿತು. ಹೊಟ್ಟೆ ಉರಿಯಬೇಕಾದಲ್ಲಿ, ದೇವರಾಣೆ, ಹಾಯೆನಿಸಿತು.

ಉಡಿಯ ಅಕ್ಕಿ ಚೆಲ್ಲುತ್ತ ಅವನು ಮೆಹಜಬೀನರ ಕಾರಿನ ಹಿಂದೆ ಓಡಿದ.

"ಮೇಡಂ, ಅಮೃತಾ ಮೇಡಂಗ ಇವತ್ತ ಬರಾಕ ಹೇಳ್ರಿ."